ರೋಜಾದಲ್ಲಿ ನಮ್ಮನ್ನು ಕಾಯುವ ಗ್ಲುಕಗಾನ್

ಸಹರಿಯಿಂದ ಮಗ್ರಿಬ್‌ವರೆಗೆ 12 ಗಂಟೆಗೂ ಮೀರಿದ ಅವಧಿಯಲ್ಲಿ ಒಂದು ತುತ್ತೂ ಒಳಹೋಗದಿದ್ದರೂ ನಮ್ಮ ಮೆದುಳಿಗೆ ಸಕ್ಕರೆ ದೊರೆಯುತ್ತಲೇ ಇರುತ್ತದೆ. ಅಲ್ಲಾಹನು ಶರೀರದೊಳಗೇ ಅದಕ್ಕೊಂದು ಏರ್ಪಾಡನ್ನು ಇರಿಸಿದ್ದಾನೆ. ರಕ್ತದಲ್ಲಿ ಸಕ್ಕರೆ ಇಳಿಯತೊಡಗಿದಾಗ ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯ ಆಲ್ಫಾ ಕೋಶಗಳು ಗ್ಲುಕಗಾನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದು ಯಕೃತ್ತನ್ನು ಸೇರಿ, ಅಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. 1923ರಲ್ಲಿ ಕಿಂಬಲ್ ಮತ್ತು ಮರ್ಲಿನ್ ಎಂಬ ವಿಜ್ಞಾನಿಗಳು ಇದಕ್ಕೆ ಈ ಹೆಸರಿಟ್ಟರು. ಇನ್ಸುಲಿನ್ ಸಕ್ಕರೆಯನ್ನು ಇಳಿಸಿದರೆ ಗ್ಲುಕಗಾನ್ ಏರಿಸುತ್ತದೆ. ಇವೆರಡೂ ಒಂದೇ ತಕ್ಕಡಿಯ ತಟ್ಟೆಗಳು.

ಆದರೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರಲ್ಲಿ ಈ ತಕ್ಕಡಿ ಏರುಪೇರಾಗುತ್ತದೆ. ಸೂಜಿಯಿಂದ ಒಳಹೋದ ಇನ್ಸುಲಿನ್ ಹೊಟ್ಟೆ ಬರಿದಾಗಿದ್ದರೂ ತನ್ನ ಕೆಲಸ ನಿಲ್ಲಿಸುವುದಿಲ್ಲ. ಬಹುಕಾಲದಿಂದ ಟೈಪ್ 1 ಮಧುಮೇಹ ಇರುವವರಲ್ಲಿ ಸಕ್ಕರೆ ಕುಸಿದಾಗಲೂ ಗ್ಲುಕಗಾನ್ ಸಾಕಷ್ಟು ಹೊರಡುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮನೆಗಳಲ್ಲಿ "ಜೀವ ಹೋದರೂ ರೋಜಾ ಬಿಡೆವು" ಎನ್ನುವ ದಾದಿ, ನಾನಿಯರನ್ನು ನಾವು ಕಂಡಿದ್ದೇವೆ. ಅವರ ಶ್ರದ್ಧೆಗೆ ನಾವು ತಲೆಬಾಗುತ್ತೇವೆ. ಆದರೂ ರೋಜಾವನ್ನು ಕಡ್ಡಾಯಗೊಳಿಸಿದ ಸೂರಃ ಅಲ್ ಬಕರಃದಲ್ಲಿಯೇ ರೋಗಿಗೆ ರಿಯಾಯಿತಿಯೂ ಇದೆ. ಗುಣವಾದ ಮೇಲೆ ಕಜಾ ಮಾಡಬಹುದು. ಗುಣವಾಗುವ ಭರವಸೆಯಿಲ್ಲದವರು ದಿನಕ್ಕೊಬ್ಬ ಬಡವರಿಗೆ ಉಣಿಸಿ ಫಿದ್ಯಾ ಸಲ್ಲಿಸಬಹುದು. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದೂ ವಿಧೇಯತೆಯೇ.

ರೋಜಾದ ನಡುವೆ ಬೆವರು, ನಡುಕ, ಮಂಪರು ಕಂಡರೆ ಕೂಡಲೇ ಸಕ್ಕರೆ ಪರೀಕ್ಷಿಸಬೇಕು. 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಮಗ್ರಿಬ್‌ಗೆ ಕಾಯದೆ ಸಕ್ಕರೆ ನೀರು ಕುಡಿಸಿ ರೋಜಾ ಮುರಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಇಂಥ ಹೊತ್ತಿಗೆಂದೇ ಗ್ಲುಕಗಾನ್ ಔಷಧವೂ ಆಗಿದೆ. ವಯಸ್ಕರಿಗೆ 1 ಮಿಲಿಗ್ರಾಂ ಚುಚ್ಚುಮದ್ದು ಸಾಮಾನ್ಯವಾಗಿ ಕಾಲು ಗಂಟೆಯೊಳಗೆ ಸಕ್ಕರೆಯನ್ನು ಏರಿಸುತ್ತದೆ. ಮೂಗಿನಲ್ಲಿ ಹಾಕುವ ಪುಡಿಯೂ ಇದೆ. ಆದರೆ ದೀರ್ಘ ಉಪವಾಸದಿಂದ ಯಕೃತ್ತಿನ ಸಂಗ್ರಹ ಬರಿದಾಗಿದ್ದರೆ ಅದರ ಬಲ ಕುಗ್ಗುತ್ತದೆ. ಆಗ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಗ್ಲೂಕೋಸನ್ನೇ ಏರಿಸಬೇಕಾಗುತ್ತದೆ. ಕರುಳಿನ ಚಲನೆಯನ್ನು ಸ್ವಲ್ಪ ಹೊತ್ತು ತಡೆದು ಎಕ್ಸ್‌ರೇ, ಎಂಡೋಸ್ಕೋಪಿ ಮಾಡಲೂ ವೈದ್ಯರು ಇದನ್ನು ಬಳಸುತ್ತಾರೆ.

ಆದ್ದರಿಂದ ರಮದಾನಿನ ಚಂದ್ರದರ್ಶನಕ್ಕೆ ಮೊದಲೇ ಮನೆಯ ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯೋಣ. ರೋಜಾ ಇಡಬಹುದೇ, ಇನ್ಸುಲಿನ್ ಪ್ರಮಾಣ ಬದಲಿಸಬೇಕೇ ಎಂದು ಕೇಳೋಣ. ಶರೀರವೂ ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಅದನ್ನು ಕಾಪಾಡುವ ವಿವೇಕವನ್ನು ಅವನು ನಮ್ಮೆಲ್ಲರಿಗೂ ಅನುಗ್ರಹಿಸಲಿ, ಆಮೀನ್.