ಬೂಟ್ ಆಗದ ರಾತ್ರಿ

ಪಿಎಚ್.ಡಿ.ಯ ಮೂರನೇ ವರ್ಷ. ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ತೆವಳುತ್ತಿತ್ತು. ಪಕ್ಕದಲ್ಲೇ ಉಬುಂಟು ಹಾಕಿಕೊಳ್ಳೋಣವೆಂದು ಒಂದು ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಕೂತೆ. ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಏಳಲೇ ಇಲ್ಲ. ಯಾರೋ ಹೇಳಿದ್ದು ನೆನಪಾಗಿ, ಸೆಟಪ್ಪಿನಲ್ಲಿ 'ಯುಇಎಫ್‌ಐ' ಎಂದಿದ್ದುದನ್ನು 'ಲೆಗಸಿ' ಮಾಡಿದೆ. ಎದ್ದಿತು. ಪಾರ್ಟಿಷನ್‌ಗಳನ್ನು ಕೈಯಾರೆ ಮಾಡಿದೆ. ಎಲ್ಲ ಮುಗಿಯಿತೆನ್ನುವಾಗ, ಗ್ರಬ್ ಹಾಕಲಾಗಲಿಲ್ಲ ಎಂದು ಇನ್‌ಸ್ಟಾಲರ್ ಕೈಚೆಲ್ಲಿತು. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ. ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ.

ಆ ಡಿಸ್ಕಿನಲ್ಲಿ ನನ್ನ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳಿದ್ದವು. ಬೀಸುಕಲ್ಲಿನ ಪದ ಹಾಡಿದ್ದ ಅಜ್ಜಿ ಹಿಂದಿನ ವರ್ಷವೇ ತೀರಿಹೋಗಿದ್ದರು. ಬ್ಯಾಕಪ್ ನಾಳೆ ಮಾಡಿದರಾಯಿತು ಅಂದುಕೊಂಡು ಆರು ತಿಂಗಳಾಗಿತ್ತು.

ಪಕ್ಕದ ಕೋಣೆಯ ಕಂಪ್ಯೂಟರ್ ಸೈನ್ಸ್ ಹುಡುಗಿ ನಿದ್ದೆಗಣ್ಣಲ್ಲೇ ಬಂದಳು. "ಅಕ್ಕಾ, ಡಿಸ್ಕ್ ಫಾರ್ಮ್ಯಾಟ್ ಮಾಡೀರೇನು?" ಇಲ್ಲವೆಂದೆ. "ಹಂಗಾರ ಏನೂ ಹೋಗಿಲ್ಲ ಬಿಡ್ರಿ."

ಬೂಟ್ ಎಂಬುದು 'ಬೂಟ್‌ಸ್ಟ್ರ್ಯಾಪ್'ನಿಂದ ಬಂದ ಮಾತು. ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು. ಡಿಸ್ಕ್ ಓದಿ ವ್ಯವಸ್ಥೆಯನ್ನು ಎಬ್ಬಿಸುವ ಪ್ರೋಗ್ರಾಮೂ ಡಿಸ್ಕಿನಲ್ಲೇ ಮಲಗಿರುತ್ತದೆ. ಮೊದಲು ಅದನ್ನು ಹುಡುಕಿ ಎಬ್ಬಿಸಬೇಕಾದ್ದು ಮದರ್‌ಬೋರ್ಡಿನ ಫರ್ಮ್‌ವೇರ್. ನನ್ನ ವಿಂಡೋಸ್ ಯುಇಎಫ್‌ಐ ರೀತಿಯದು. ಅದರ ಬೂಟ್ ಫೈಲುಗಳಿರುವುದು ಇಎಫ್‌ಐ ಎಂಬ ಸಣ್ಣ ಪಾರ್ಟಿಷನ್ನಿನಲ್ಲಿ. ಲೆಗಸಿ ಮಾಡಿದ ಮೇಲೆ ಫರ್ಮ್‌ವೇರ್ ಅತ್ತ ನೋಡುವುದೇ ಇಲ್ಲ. ಇತ್ತ ಲೆಗಸಿ ಗ್ರಬ್‌ಗೆ ಈ ಬಗೆಯ ಡಿಸ್ಕಿನಲ್ಲಿ ಬೇರೆಯದೇ ಒಂದು ಪುಟ್ಟ ಪಾರ್ಟಿಷನ್ ಬೇಕು. ನಾನದನ್ನು ಮಾಡಿರಲಿಲ್ಲ.

ಪೆನ್‌ಡ್ರೈವ್‌ನಿಂದಲೇ ಉಬುಂಟು ಎಬ್ಬಿಸಿ, ವಿಂಡೋಸಿನ ಪಾರ್ಟಿಷನ್ ತೆರೆದಳು. ಓದಲಷ್ಟೇ ಬಂತು, ಬರೆಯಲು ಬರಲಿಲ್ಲ. ವಿಂಡೋಸ್ ಪೂರ್ತಿ ಶಟ್‌ಡೌನ್ ಆಗಿರಲಿಲ್ಲವಂತೆ. ನನಗೆ ಓದಿದರೆ ಸಾಕಿತ್ತು. ಫೋಲ್ಡರುಗಳು ಹೆಸರು ಸಮೇತ ಇದ್ದವು. ಎಲ್ಲವನ್ನೂ ಅವಳ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಕೊಳ್ಳುವವರೆಗೆ ನಾನು ಕುರ್ಚಿ ಬಿಟ್ಟೇಳಲಿಲ್ಲ.

ಉಳಿದದ್ದು ಬೆಳಿಗ್ಗೆಯ ಕೆಲಸ. ಸೆಟಪ್ಪನ್ನು ಯುಇಎಫ್‌ಐಗೆ ಮರಳಿಸಿದ್ದೇ ತಡ, ವಿಂಡೋಸ್ ಏನೂ ಆಗಿಲ್ಲವೆಂಬಂತೆ ಎದ್ದಿತು. ಪೆನ್‌ಡ್ರೈವನ್ನು ಲೆಗಸಿಗೆ ಮಾತ್ರ ಒಗ್ಗುವಂತೆ ಮಾಡಿಟ್ಟಿದ್ದವಳು ನಾನೇ, ಹೊಸದಾಗಿ ಮಾಡಿದೆ. ಇಎಫ್‌ಐ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡದೆ ಹಾಗೆಯೇ ಬಳಸಿಕೊಂಡು ಮತ್ತೆ ಇನ್‌ಸ್ಟಾಲ್ ಮಾಡಿದೆ. ಈ ಸಲ ಗ್ರಬ್ ಮೆನುವಿನಲ್ಲಿ ಎರಡೂ ಹೆಸರು ಕಂಡವು.

ಉಬುಂಟುವಿನಲ್ಲಿ ಮೊದಲು ತೆರೆದದ್ದು ಅಜ್ಜಿಯ ಫೈಲು. ಹಾಡು ಮುಗಿದ ಮೇಲೆ ಅವರೊಂದು ಮಾತು ಕೇಳಿದ್ದು ನನಗೆ ಮರೆತೇಹೋಗಿತ್ತು. "ಹಿಡೀತೇನವಾ ನಿನ್ನ ಮಷೀನು?"