ಬೋರಿ ಹೊಳೆಯ ದಂಡೆಯಲ್ಲಿ ಕೌದಿಯ ದಿನಗಳು

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರಿನ ದಾರಿ. ಗುರುವಾರಗಳಂದು ಈ ದಾರಿಯ ವಾಹನಗಳೆಲ್ಲ ಸ್ವಾಮಿ ಸಮರ್ಥರ ಭಕ್ತರಿಂದ ತುಂಬಿರುತ್ತವೆ. ಆದ್ದರಿಂದ ನಾವು ಶನಿವಾರ ಬೆಳಗಿನ ಎಸ್.ಟಿ. ಬಸ್ಸನ್ನು ಆರಿಸಿಕೊಂಡಿದ್ದೇವೆ. ಕುಂಭಾರಿ, ವಳಸಂಗಗಳನ್ನು ಹಿಂದೆ ಹಾಕಿ ಮುಂದೆ ಸಾಗಿದಂತೆ ಎರೆಭೂಮಿಯ ಬಯಲು ಕಣ್ಣ ಮುಂದೆ ಹರಡುತ್ತದೆ. ಕಾಲಕ್ಕೆ ತಕ್ಕಂತೆ ಅಲ್ಲಿ ತೊಗರಿ, ಬಿಳಿಜೋಳ, ಉಳ್ಳಾಗಡ್ಡಿ. ನೀರಿನ ಅನುಕೂಲವಿದ್ದೆಡೆ ಕಬ್ಬು. ಬಸ್ಸಿನ ಫಲಕ ಮರಾಠಿಯಲ್ಲಿರುತ್ತದೆ, ಚೀಟಿ ಕೇಳುವುದೂ ಮರಾಠಿಯಲ್ಲೇ. ಆದರೆ ಪಕ್ಕದವರೊಡನೆ ಮಳೆ ಬೆಳೆಗಳ ಸುದ್ದಿ ತೆಗೆದೊಡನೆ ಮಾತು ತಾನಾಗಿ ಕನ್ನಡಕ್ಕೆ ಹೊರಳುತ್ತದೆ.

ಮೂವತ್ತು ವರ್ಷಗಳಿಗೂ ಮೀರಿ ಈ ಸೀಮೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದ ದಂಪತಿಗಳು ನಾವು. ವಾಸ ಸೊಲ್ಲಾಪುರದಲ್ಲಾದರೂ ಹಿರಿಯರ ಮನೆ ಬೋರಿ ಹೊಳೆಯ ದಂಡೆಯ ಒಂದು ಚಿಕ್ಕ ಹಳ್ಳಿಯಲ್ಲಿದೆ. ಶನಿವಾರ ಹೋಗಿ ಸೋಮವಾರ ಬೆಳಗ್ಗೆ ಮರಳುತ್ತೇವೆ. ನಿವೃತ್ತಿಯ ಮೇಲೆ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಸ್ನೇಹಿತರು ಕೇಳುತ್ತಾರೆ. ಕೌದಿ ಹೊಲಿಯುತ್ತೇವೆ ಎಂದರೆ ನಗುತ್ತಾರೆ. ಚಾದರುಗಳ ಊರಿನಲ್ಲಿದ್ದು ಕೌದಿ ಹೊಲಿಯುವುದೇ ಎಂಬುದು ಅವರ ಸೋಜಿಗ.

ಅದು ಸಹಜವಾದ ಪ್ರಶ್ನೆಯೇ. 1877ರಲ್ಲಿ ಸ್ಥಾಪಿತವಾದ ಹಳೆಯ ಗಿರಣಿಯಿಂದ ಮೊದಲ್ಗೊಂಡು ಸೊಲ್ಲಾಪುರ ನೂಲು ನೇಯ್ಗೆಗಳನ್ನೇ ಉಂಡು ಬೆಳೆದ ಪಟ್ಟಣ. ಆ ಗಿರಣಿ ಮುಚ್ಚಿ ದಶಕಗಳು ಕಳೆದರೂ ತೆಲುಗು ಸೀಮೆಯಿಂದ ಬಂದು ನೆಲಸಿದ ನೇಕಾರರ ಮಗ್ಗಗಳಿಂದ ಚಾದರಿನ ಹೆಸರು ಉಳಿದಿದೆ. ಆದರೆ ಚಾದರು ಹೊಸ ನೂಲಿನದು, ಅಂಗಡಿಯದು. ಕೌದಿ ಹಳೆಯ ಬಟ್ಟೆಯದು, ಮನೆಯದು. ಉಟ್ಟು ಒಗೆದು ಸವೆದ ಸೀರೆ, ಧೋತರ, ಮಕ್ಕಳ ಅಂಗಿಗಳಿಗೆ ಇನ್ನೊಂದು ಜನ್ಮ ಕೊಡುವ ಕೆಲಸವದು. ನೂರಾರು ಸಲ ನೀರು ಕಂಡ ಹತ್ತಿಯ ಬಟ್ಟೆಗೆ ಬರುವ ಮೃದುತ್ವ ಹೊಸ ಬಟ್ಟೆಗೆ ಬಾರದು. ಹಸುಗೂಸನ್ನು ಮಲಗಿಸಲು ನಮ್ಮ ಹೆಂಗಸರು ಕೂಸಿನ ಕೌದಿಯನ್ನೇ ಹುಡುಕುವುದು ಇದಕ್ಕಾಗಿಯೇ. ಪದರ ಪದರಗಳ ನಡುವೆ ನಿಂತ ಗಾಳಿಯೇ ಚಳಿಯನ್ನು ತಡೆಯುತ್ತದೆ.

ಕೌದಿಗೆ ಬೇಸಿಗೆಯೇ ಕಾಲ. ಹಿಂಗಾರಿ ಜೋಳದ ರಾಶಿ ಮುಗಿದು, ಮುಂಗಾರಿನ ಬಿತ್ತನೆ ಇನ್ನೂ ದೂರವಿರುವಾಗ ಹೆಂಗಸರ ಕೈಗೆ ತುಸು ಬಿಡುವು. ಬೇವಿನ ನೆರಳಿನಲ್ಲಿ ಅಗಲವಾದ ಸೀರೆಯೊಂದನ್ನು ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಮೇಲೆ ಹಳೆಯ ಅರಿವೆಗಳನ್ನು ಸಮನಾಗಿ ಹರಡುತ್ತಾರೆ. ದಪ್ಪವಾಗಿದ್ದಲ್ಲಿ ತೆಗೆದು, ತೆಳುವಾಗಿದ್ದಲ್ಲಿ ಸೇರಿಸಿ, ಎಲ್ಲದರ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ. ಅಂಚಿನಿಂದ ಹೊರಟ ದಾರ ಸುತ್ತು ಸುತ್ತಾಗಿ ನಡುವಿನ ಕಡೆಗೆ ಸಾಗುತ್ತದೆ. ಹೊಲಿಗೆ ಸರಳವಾದದ್ದೇ, ಕಷ್ಟವಿರುವುದು ಅದನ್ನು ಸಾವಿರಾರು ಸಲ ಒಂದೇ ಅಳತೆಯಲ್ಲಿ ಹಾಕುವುದರಲ್ಲಿ.

ನಮಗೆ ಇದನ್ನು ಕಲಿಸಿದವರು ಪಕ್ಕದ ಮನೆಯ ದೊಡ್ಡವ್ವ. ಎಂಬತ್ತು ದಾಟಿದ ಜೀವ; ಶಾಲೆಯ ಮುಖ ಕಂಡವರಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಹೊಲಿಯುತ್ತೇವೆ, ಇನ್ನೊಬ್ಬರು ಅರಿವೆ ಹರಿದುಕೊಟ್ಟು ಸೂಜಿಗೆ ದಾರ ಪೋಣಿಸುತ್ತೇವೆ. ದಾರ ಸೂಜಿಯ ಕಣ್ಣು ತಪ್ಪಿದಾಗಲೆಲ್ಲ ದೊಡ್ಡವ್ವನಿಗೆ ನಗೆ. “ಇಷ್ಟ ಮಕ್ಕಳಿಗೆ ಅಕ್ಷರ ಕಲಿಸಿದ್ರಿ ಗುರುಗಳ, ಒಂದ ಎಳಿ ಪೋಣಸಾಕ ಬರವಲ್ದಲ್ರಿ!” ಎನ್ನುತ್ತಾರೆ. “ಕೈಯಿಂದ ಸವರಿಕೋತ ಬರ್ರಿ ಅಕ್ಕಾರ, ಒಳಗಿನ ಅರಿವಿ ಸರಿಯಾಕ ಬಿಡಬ್ಯಾಡ್ರಿ” ಎಂಬುದು ಅವರ ಮುಖ್ಯ ಪಾಠ. ಹೊಲಿಯುತ್ತ ಕುಳಿತಾಗ ಅವರ ಬಾಯಿಂದ ಹೊರಡುವ ಮಾತುಗಳಲ್ಲಿ ನಾವು ಪುಸ್ತಕದಲ್ಲಿ ಕಾಣದ ಕನ್ನಡವಿದೆ. ಈಗ ಅವರ ಕಣ್ಣು ಮಂದವಾಗಿದೆ. ಬೆರಳ ತುದಿಯಿಂದಲೇ ಹೊಲಿಗೆಯ ಸಾಲನ್ನು ಪರೀಕ್ಷಿಸುತ್ತಾರೆ. ಊರಿನಲ್ಲಿ ಕೌದಿ ಬಲ್ಲ ಕೈಗಳು ಬೆರಳೆಣಿಕೆಯಷ್ಟು ಉಳಿದಿವೆ. ಮನೆಮನೆಗಳಲ್ಲಿ ಪಾಲಿಯೆಸ್ಟರ್ ಸೀರೆಗಳು ಬಂದ ಮೇಲೆ ಹಳೆಯ ಹತ್ತಿ ಬಟ್ಟೆ ದೊರೆಯುವುದೂ ಅಪರೂಪವಾಗಿದೆ. ಆ ಬಟ್ಟೆ ಬೆವರು ಹೀರದು, ಸೂಜಿಯ ಕೆಳಗೆ ನಿಲ್ಲದು.

ಈ ಸಲ ನಮ್ಮೊಳಗೇ ಒಂದು ವಾದ ಎದ್ದಿತು. ತೀರಿಹೋದ ತಾಯಿಯ ಇಳಕಲ್ ಸೀರೆಯೊಂದು ವರ್ಷಗಳಿಂದ ಟ್ರಂಕಿನಲ್ಲಿತ್ತು, ಮಡಿಕೆಗಳಲ್ಲಿ ಸೀಳತೊಡಗಿತ್ತು. ಅದನ್ನು ಹಾಗೆಯೇ ಇಡಬೇಕೆಂದು ಒಬ್ಬರು, ಕೌದಿಗೆ ಕೊಡಬೇಕೆಂದು ಒಬ್ಬರು. ಎರಡು ವಾರ ಈ ಮಾತು ತೀರ್ಮಾನವಾಗಲಿಲ್ಲ. ಕೊನೆಗೆ ದೊಡ್ಡವ್ವನೇ ಬಗೆಹರಿಸಿದರು: “ಟ್ರಂಕಿನ್ಯಾಗ ಇಟ್ರ ಹುಳಕ್ಕ ಆಗತೈತಿ, ಕೌದ್ಯಾಗ ಹಾಕಿದ್ರ ಮೊಮ್ಮಕ್ಕಳಿಗೆ ಆಗತೈತಿ.” ತೋಪು ತೆನೆಯ ಕೆಂಪು ಸೆರಗನ್ನು ಬೇರೆಯಾಗಿ ತೆಗೆದಿಟ್ಟು, ಸೀರೆಯ ಒಡಲನ್ನು ಕತ್ತರಿಸದೆ ಮಡಚಿ ಕೌದಿಯ ಒಳಪದರವಾಗಿ ಹಾಸಿದೆವು. ಅಂದು ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ.

ಆ ಮೊಮ್ಮಕ್ಕಳಿರುವುದು ಪುಣೆಯಲ್ಲಿ. ಮನೆಯಲ್ಲಿ ಕನ್ನಡ ಕೇಳಿ ಬಲ್ಲರು. ಓದಲು ಬರೆಯಲು ತಿಳಿಯದು. ಕಳೆದ ಬೇಸಿಗೆಯ ರಜೆಗೆ ಬಂದ ಮೊಮ್ಮಗಳು “ಇದು ಗೋಧಡಿ” ಎಂದಳು. ಮರಾಠಿಯಲ್ಲಿ ಅದೂ ಸರಿಯಾದ ಹೆಸರೇ. ನಮ್ಮಲ್ಲಿ ಕೌದಿ ಎನ್ನುತ್ತೇವೆ ಎಂದೆವು. ಮರುದಿನ ಅವಳೇ ಸೂಜಿ ಹಿಡಿದು ಒಂದು ಗೇಣು ಹೊಲಿದಳು. ಸಾಲು ಹಾವಿನಂತೆ ಸೊಟ್ಟಗೆ ಹರಿದಿದೆ. ಅದನ್ನು ನಾವು ಬಿಚ್ಚಿಲ್ಲ. ಸಂಜೆ ದೊಡ್ಡವ್ವನ ಬಳಿ ಕುಳಿತು ಎಳೆ, ಅಂಚು, ಸೆರಗು, ತೇಪೆ ಎಂದು ಒಂದೊಂದೇ ಮಾತು ಕೇಳಿ ಕಲಿತಳು. ನಾವು ದೂರವಾಣಿಯಲ್ಲಿ ಎಷ್ಟು ಹೇಳಿದರೂ ಹಿಡಿಯದ ಮಾತುಗಳವು. ಸೊಲ್ಲಾಪುರದಲ್ಲಿ ಹುಟ್ಟಿ, ಮರಾಠಿಯಲ್ಲಿ ಓದಿ, ಬಳಿಕ ಕನ್ನಡದಲ್ಲಿ ಕಾವ್ಯ ಬರೆದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಶಾಲೆಯ ಭಾಷೆ ಬೇರೆಯಾದೊಡನೆ ಮನೆಯ ಭಾಷೆ ಕೈಬಿಟ್ಟಿತೆಂದು ಭಾವಿಸಬೇಕಿಲ್ಲ ಎಂಬುದಕ್ಕೆ ನಮ್ಮ ನೆಲದಲ್ಲೇ ಇಂಥ ನಿದರ್ಶನವಿದೆ.

ಭಾನುವಾರದ ಸಂಜೆಗಳಲ್ಲಿ ಕೌದಿಯನ್ನು ಮಡಚಿಟ್ಟು ಹೊಳೆಯವರೆಗೆ ನಡೆದು ಬರುತ್ತೇವೆ. ಮಹಾನವಮಿಯ ಮುನ್ನ ಊರಿನ ಹಾಸಿಗೆ ಹೊದಿಕೆಗಳೆಲ್ಲ ಇಲ್ಲಿಗೇ ಬರುತ್ತವೆ. ನೀರು ಕುಡಿದ ಕೌದಿಯನ್ನು ಹಿಂಡಲು ಇಬ್ಬರು ಬೇಕು; ಒಬ್ಬೊಬ್ಬರು ಒಂದೊಂದು ತುದಿ ಹಿಡಿದು ತಿರುವಬೇಕು. ಆಮೇಲೆ ಬಂಡೆಗಳ ಮೇಲೆ ಹರವಿದಾಗ ಯಾವ ಮನೆಯಲ್ಲಿ ಯಾರು ಏನು ಉಟ್ಟಿದ್ದರೆಂಬುದನ್ನು ದೊಡ್ಡವ್ವನಂಥವರು ಗುರುತಿಸಿ ಹೇಳುತ್ತಿದ್ದರು.

ನಮ್ಮ ಕೌದಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ್ದು. ಈಗ ನಡುವಿನಲ್ಲಿ ಒಂದು ಗೇಣಿನಷ್ಟು ಮಾತ್ರ ಉಳಿದಿದೆ. ಕೌದಿಯನ್ನು ಬರಿಹೊಟ್ಟೆಯಲ್ಲಿ ಮುಚ್ಚಬಾರದು, ಕೊನೆಯ ತೇಪೆಯೊಳಗೆ ರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿಯಬೇಕು ಎಂದು ದೊಡ್ಡವ್ವ ಹೇಳಿದ್ದಾರೆ. ದೀಪಾವಳಿಗೆ ಮೊಮ್ಮಗಳು ಬರುವವಳಿದ್ದಾಳೆ. ಆ ಜಾಗವನ್ನು ಅವಳಿಗೆಂದೇ ಬಿಟ್ಟಿದ್ದೇವೆ.