ಬೋಟಿಗೆ ಒಪ್ಪುವ ಫ್ಯಾನು

ಬಹ್ರೇನಿನಲ್ಲಿರುವ ನಮ್ಮ ಕರಾವಳಿಯವರಿಗೆ ಸಮುದ್ರ ಹೊಸದೇನಲ್ಲ. ಆದರೆ ಊರಿನಲ್ಲಿ ಸಮುದ್ರ ಎಂದರೆ ದುಡಿಮೆ, ಇಲ್ಲಿ ಸಮುದ್ರ ಎಂದರೆ ರಜೆ. ಬಿಸಿಲು ಕಡಿಮೆಯಾಗುವ ಅಕ್ಟೋಬರ್ ಬಂತೆಂದರೆ ಶುಕ್ರವಾರ ಬೆಳಿಗ್ಗೆ ಬುತ್ತಿ, ಐಸ್ ಬಾಕ್ಸ್, ಗಾಳ ಎಲ್ಲ ಕಟ್ಟಿಕೊಂಡು ಜರಾದಾ ಕಡೆಗೆ ಹೊರಡುವ ಬೋಟುಗಳ ಸಾಲೇ ಕಾಣುತ್ತದೆ. ಜರಾದಾ ಎಂದರೆ ಇಳಿತದ ಹೊತ್ತಿಗೆ ನಡುಸಮುದ್ರದಲ್ಲಿ ಮೇಲೇಳುವ ಬಿಳಿ ಮರಳಿನ ದಿಬ್ಬ. ಭರತ ಬಂದರೆ ಹೆಚ್ಚುಕಡಿಮೆ ಮುಳುಗಿಯೇ ಹೋಗುತ್ತದೆ. ಹಾಗಾಗಿ ಹೋಗುವುದಕ್ಕೂ ಹೊತ್ತು ನೋಡಬೇಕು, ಬರುವುದಕ್ಕೂ ಹೊತ್ತು ನೋಡಬೇಕು.

ನಾವು ನಾಲ್ಕು ಮನೆಯವರು ಸೇರಿ ಸಾಕುತ್ತಿರುವ ಬೋಟು ಒಂದಿದೆ. ಹೆಸರು ಒಬ್ಬರದ್ದು, ಖರ್ಚು ನಾಲ್ವರದ್ದು. 19 ಅಡಿಯ ಫೈಬರ್ ಬೋಟು, ಹಿಂದೆ 115 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್. ಎಂಟು ಜನರಿಗೆ ಎಂದು ಒಳಗೆ ಫಲಕವಿದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಮಾರಿದವರು ಇಬ್ಬರನ್ನು ಕೂರಿಸಿಕೊಂಡು ಒಂದು ಸುತ್ತು ಓಡಿಸಿ ತೋರಿಸಿದ್ದರು. ಬೋಟು ಬಾಣದ ಹಾಗೆ ಹೋಗಿತ್ತು. ಆದರೆ ನಾವು ಇಬ್ಬರೇ ಹೋಗುವುದು ವರ್ಷಕ್ಕೆ ಎರಡು ಸಲ. ಉಳಿದ ದಿನ ಹೆಂಡತಿ ಮಕ್ಕಳು ಸೇರಿ ಏಳು ಮಂದಿ, ಜೊತೆಗೆ ನೀರಿನ ಕ್ಯಾನು, ತುಂಬಿದ ಟ್ಯಾಂಕು. ಆಗ ಅದೇ ಬೋಟು ಮೂತಿ ಮೇಲೆತ್ತಿ, ಹಿಂಭಾಗ ನೀರಿಗೆ ಊರಿ, ತುಂಬು ಬಸುರಿ ಎಮ್ಮೆಯಂತೆ ತೇಕುತ್ತಿತ್ತು. ಎಲ್ಲರೂ ಮುಂದೆ ಸರಿದು ಕುಳಿತರೆ ಅರ್ಧ ನಿಮಿಷ ಒದ್ದಾಡಿ ನೀರಿನ ಮೇಲೇರುತ್ತಿತ್ತು, ಸಣ್ಣ ಅಲೆ ಬಂದರೆ ಮತ್ತೆ ಕೂರುತ್ತಿತ್ತು.

ಕಳೆದ ಮಾರ್ಚ್‌ನಲ್ಲಿ ಜರಾದಾದಿಂದ ಹಿಂದಿರುಗುವಾಗ ವಾಯವ್ಯದಿಂದ ಶಮಾಲ್ ಗಾಳಿ ಎದ್ದಿತು. ಎದುರು ಗಾಳಿ, ಎದುರು ಅಲೆ. ಮುಕ್ಕಾಲು ಗಂಟೆಯ ದಾರಿಗೆ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಬೋಟು ನೀರಿನ ಮೇಲೇರಲೇ ಇಲ್ಲ, ಉತ್ತುಕೊಂಡೇ ಬಂತು. ಪೆಟ್ರೋಲ್ ಮುಳ್ಳು ಇಳಿಯುತ್ತಿದ್ದುದನ್ನು ಎಲ್ಲರೂ ನೋಡುತ್ತಿದ್ದೆವು, ಯಾರೂ ಮಾತಾಡಲಿಲ್ಲ. ದಡಕ್ಕೆ ಬಂದ ಮೇಲೆ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: "ಇನ್ನು ಮಕ್ಕಳನ್ನು ಇದರಲ್ಲಿ ಕರೆದುಕೊಂಡು ಹೋಗುವುದು ಬೇಡ." ಉಳಿದ ಮೂರು ಮನೆಯಲ್ಲೂ ಅದೇ ತೀರ್ಮಾನ ಆಗಿತ್ತು.

ಗಂಡಸರ ಸಭೆ ಸೇರಿತು. ಎಂಜಿನ್ ಹಳೆಯದಾಯಿತು, 150 ಎಚ್‌ಪಿ ಹಾಕೋಣ ಎಂದರು ಒಬ್ಬರು. ಅದು ನಮ್ಮಂಥವರಿಗೆ ಹಲವು ತಿಂಗಳ ಸಂಬಳ. ಊರಲ್ಲಿ ಮನೆ ಕಟ್ಟುತ್ತಿದ್ದ ಇನ್ನೊಬ್ಬರು ಬೋಟು ಮಾರಿಬಿಡೋಣ ಎಂದರು. ನಾಲ್ಕು ವರ್ಷದ ಸ್ನೇಹ ಲೆಕ್ಕದ ಪುಸ್ತಕದ ಮೇಲೆ ಬಂದು ನಿಂತಿತು.

ಗಂಗೊಳ್ಳಿ ಕಡೆಯ ಹಿರಿಯರೊಬ್ಬರು ಇಲ್ಲಿ ಬೋಟ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಮಾರುವ ಮೊದಲು ಅವರಿಗೆ ತೋರಿಸೋಣ ಎಂದೆ. ಅಣ್ಣ ಬಂದರು, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರು, ಕಂಪ್ರೆಷನ್ ನೋಡಿದರು. ಕೊನೆಗೆ ಹಿಂದೆ ಹೋಗಿ ಬಗ್ಗಿ ಪ್ರೊಪೆಲ್ಲರಿನ ಮೇಲೆ ಕೆತ್ತಿದ್ದ ಅಂಕಿ ಓದಿದರು. ಊರಿನ ಬೋಟಿನವರ ಬಾಯಲ್ಲಿ ಪ್ರೊಪೆಲ್ಲರ್ ಎಂದರೆ ಫ್ಯಾನು. "ಎಂಜಿನ್ ಸಮಾ ಇತ್ತ್ ಮಾರಾಯ್ರೆ, ಫ್ಯಾನೇ ಸಮ ಇಲ್ಲೆ" ಎಂದರು.

ಆ ಅಂಕಿ ಏನು ಎಂದು ಕೇಳಿದೆ. ಔಷಧದ ಪಟ್ಟಿಯ ಮೇಲಿನ ಅಂಕಿ ಓದಿ ಓದಿ ಇಪ್ಪತ್ತು ವರ್ಷ ಕಳೆದವನಿಗೆ ಇಂಥದ್ದು ಕಂಡರೆ ಕೇಳದೆ ಇರಲಾಗುವುದಿಲ್ಲ. ಎರಡು ಅಂಕಿಗಳು. ಮೊದಲನೆಯದು ವ್ಯಾಸ, ಅಂದರೆ ಫ್ಯಾನು ತಿರುಗುವಾಗ ಆಗುವ ವೃತ್ತದ ಅಗಲ, ಇಂಚಿನಲ್ಲಿ. ಎರಡನೆಯದು ಪಿಚ್. ಮರಕ್ಕೆ ಸ್ಕ್ರೂ ತಿರುಗಿಸಿದರೆ ಪ್ರತಿ ಸುತ್ತಿಗೆ ಇಷ್ಟು ಎಂದು ಒಳಗೆ ಹೋಗುತ್ತದಲ್ಲ, ಹಾಗೆಯೇ ಫ್ಯಾನು ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ. ನಮ್ಮದರ ಪಿಚ್ 19 ಇಂಚು.

ಲೆಕ್ಕ ಹಾಕಿ ನೋಡಿ. ಎಂಜಿನ್ ನಿಮಿಷಕ್ಕೆ 5300 ಸುತ್ತು ತಿರುಗಿದರೆ, ಗೇರ್ 2ಕ್ಕೆ 1 ಇರುವಾಗ, ಫ್ಯಾನು 2650 ಸುತ್ತು ತಿರುಗುತ್ತದೆ. ಅದನ್ನು 19ರಿಂದ ಗುಣಿಸಿದರೆ 50,350 ಇಂಚು, ಅಂದರೆ ಗಂಟೆಗೆ ಸುಮಾರು 77 ಕಿಲೋಮೀಟರ್, ಸಮುದ್ರದ ಲೆಕ್ಕದಲ್ಲಿ 41 ನಾಟ್. ಆದರೆ ನೀರು ಮರವಲ್ಲ, ಜಾರುತ್ತದೆ. ಇಬ್ಬರೇ ಇದ್ದಾಗ ನಮಗೆ ಸಿಗುತ್ತಿದ್ದುದು 36 ನಾಟ್. ಈ ವ್ಯತ್ಯಾಸಕ್ಕೆ ಸ್ಲಿಪ್ ಎನ್ನುತ್ತಾರೆ. ಸ್ವಲ್ಪ ಸ್ಲಿಪ್ ಇರಲೇಬೇಕು, ಅದಿಲ್ಲದೆ ನೂಕುವ ಬಲವೇ ಹುಟ್ಟುವುದಿಲ್ಲ.

ಪಿಚ್ ಎಂದರೆ ಬೋಟಿನ ಗೇರು ಎಂದುಕೊಂಡರೆ ಎಲ್ಲ ಅರ್ಥವಾಗುತ್ತದೆ. ಹೆಚ್ಚು ಪಿಚ್ ಎಂದರೆ ಟಾಪ್ ಗೇರು. ಖಾಲಿ ರಸ್ತೆ, ಹಗುರ ಗಾಡಿ ಇದ್ದರೆ ಒಳ್ಳೆಯ ಓಟ. ತುಂಬಿದ ಬಸ್ಸನ್ನು ಆಗುಂಬೆ ಘಾಟಿಯಲ್ಲಿ ಟಾಪ್ ಗೇರಿನಲ್ಲಿ ಹತ್ತಿಸಲು ಹೊರಟರೆ ಏನಾಗುತ್ತದೋ, ಏಳು ಜನರನ್ನು ಕೂರಿಸಿಕೊಂಡ ನಮ್ಮ ಬೋಟಿಗೆ ಅದೇ ಆಗುತ್ತಿತ್ತು. ಊರಿನ ಟ್ರಾಲ್ ಬೋಟುಗಳ ಫ್ಯಾನು ಅಷ್ಟು ದೊಡ್ಡದಾಗಿ, ನಿಧಾನವಾಗಿ ತಿರುಗುವುದೂ ಇದಕ್ಕೇ. ಅವಕ್ಕೆ ಬೇಕಾದ್ದು ಬಲೆ ಎಳೆಯುವ ಬಲ, ಓಟವಲ್ಲ.

ಹಾಗಾದರೆ ಸರಿಯಾದ ಫ್ಯಾನು ಯಾವುದು ಎಂದು ತಿಳಿಯುವುದು ಹೇಗೆ? ಅದಕ್ಕೆ ಉತ್ತರ ಆರ್‌ಪಿಎಂ ಮೀಟರಿನಲ್ಲಿದೆ. ಪ್ರತಿ ಎಂಜಿನ್ನಿನ ಪುಸ್ತಕದಲ್ಲಿ, ಥ್ರಾಟಲ್ ಪೂರ್ತಿ ಕೊಟ್ಟಾಗ ಎಂಜಿನ್ ಎಷ್ಟರಿಂದ ಎಷ್ಟು ಸುತ್ತಿನೊಳಗೆ ಇರಬೇಕು ಎಂದು ಬರೆದಿರುತ್ತದೆ. ನಮ್ಮದಕ್ಕೆ 5000ದಿಂದ 6000. ಅದಕ್ಕಿಂತ ಕಡಿಮೆಯಲ್ಲಿ ನಿಂತರೆ ಎಂಜಿನ್ ಹೊರಲಾರದ ಹೊರೆ ಹೊತ್ತಿದೆ ಎಂದರ್ಥ. ಕಾರ್ಬನ್ ಕಟ್ಟುತ್ತದೆ, ಬಿಸಿ ಹೆಚ್ಚುತ್ತದೆ, ಪಿಸ್ಟನ್ನಿಗೆ ಏಟು. ಅದಕ್ಕಿಂತ ಮೇಲೆ ಹೋದರೆ ಹಿಡಿತವಿಲ್ಲದೆ ಓಡುತ್ತಿದೆ ಎಂದರ್ಥ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ, ಏರಿಸಿದರೆ ಅಷ್ಟೇ ಇಳಿಯುತ್ತದೆ. ಇಷ್ಟು ಗೊತ್ತಿದ್ದರೆ ಮುಕ್ಕಾಲು ವಿದ್ಯೆ ಬಂದಂತೆ.

ಅಣ್ಣ ಗ್ಯಾರೇಜಿನಿಂದ 17 ಮತ್ತು 15 ಇಂಚು ಪಿಚ್ಚಿನ ಎರಡು ಹಳೆಯ ಫ್ಯಾನು ತಂದರು. ಶಾಂತ ಬೆಳಿಗ್ಗೆಯೊಂದು ನೋಡಿ ನಾಲ್ವರೂ ಹೋದೆವು. ಹೆಂಗಸರು ಮಕ್ಕಳ ತೂಕಕ್ಕೆ ನೀರಿನ ಕ್ಯಾನು ತುಂಬಿಸಿದೆವು. ಗಾಳಿಯ ಮತ್ತು ಸೆಳೆತದ ಲೆಕ್ಕ ತಪ್ಪದಿರಲಿ ಎಂದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು ಸರಾಸರಿ ತೆಗೆದೆವು. ವೇಗ ಅಳೆಯಲು ಫೋನಿನ ಜಿಪಿಎಸ್ ಸಾಕು. ಬರೆದುಕೊಂಡ ಲೆಕ್ಕ ಹೀಗಿತ್ತು. ತುಂಬಿದ ಬೋಟು, 19 ಇಂಚು: 4600 ಸುತ್ತು, 26 ನಾಟ್, ಅದೂ ಬಹಳ ಒದ್ದಾಡಿದ ಮೇಲೆ. 17 ಇಂಚು: 4950 ಸುತ್ತು, 27 ನಾಟ್. 15 ಇಂಚು: 5300 ಸುತ್ತು, 28 ನಾಟ್, ಥ್ರಾಟಲ್ ಕೊಟ್ಟ ಕೆಲವೇ ಸೆಕೆಂಡಿನಲ್ಲಿ ಬೋಟು ನೀರಿನ ಮೇಲೆ. ಎಂಜಿನ್ ಅದೇ, ಪೆಟ್ರೋಲ್ ಅದೇ.

ಆದರೆ ನೀರಿನ ಕ್ಯಾನು ಖಾಲಿ ಮಾಡಿ ಇಬ್ಬರೇ ಓಡಿಸಿದಾಗ 15 ಇಂಚಿನಲ್ಲಿ ಸುತ್ತು 6000 ಮುಟ್ಟಿತು, ವೇಗ 33 ನಾಟ್‌ಗೆ ನಿಂತಿತು. 19 ಇಂಚಿನಲ್ಲಿ ಸಿಗುತ್ತಿದ್ದ 36 ಇಲ್ಲ. ವೇಗ ಇಷ್ಟಪಡುವ ನಮ್ಮ ಪಾಲುದಾರರಿಗೆ ಬೇಸರವಾಯಿತು. "ಬೋಟು ತಗೊಂಡದ್ದೇ ಓಡಿಸೋಕೆ" ಎಂದರು. ಅವರ ಮಾತಿನಲ್ಲೂ ತಪ್ಪಿಲ್ಲ. ನಾನು ನನ್ನ ಕೆಲಸದ ಉದಾಹರಣೆ ಹೇಳಿದೆ. ಮಗುವಿಗೆ ಪ್ಯಾರಾಸಿಟಮಾಲ್ ಕೊಡುವಾಗ ನಾವು ಮೊದಲು ಕೇಳುವುದು ತೂಕ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಬಾಟಲಿಯಲ್ಲಿ ಇರುವ ಔಷಧ ಒಳ್ಳೆಯದೇ, ಆದರೆ ಅಳತೆ ಕುಡಿಯುವವರದ್ದು. ಫ್ಯಾನೂ ಹಾಗೆಯೇ. ನಾವು ಹೆಚ್ಚಿನ ದಿನ ಎಷ್ಟು ಭಾರ ಹೊತ್ತು ಹೋಗುತ್ತೇವೋ ಅದಕ್ಕೆ ಅಳತೆ ಮಾಡಬೇಕು. ಕೊನೆಗೆ ಅಣ್ಣನೇ ಒಪ್ಪಂದ ಮಾಡಿಸಿದರು: "ಕುಟುಂಬಕ್ಕೆ 15. ಹಳೇ 19 ಬಿಸಾಡ್ಬೇಡಿ, ಬೋಟಲ್ಲೇ ಸ್ಪೇರ್ ಇರ್ಲಿ. ಇಬ್ರೇ ಹೋಪುದಿದ್ರೆ ಅದನ್ನೇ ಹಾಕ್ಕಣಿ."

ಫ್ಯಾನು ಎಷ್ಟು ದೊಡ್ಡದೋ ಅಷ್ಟು ಒಳ್ಳೆಯದು ಎಂಬ ಭಾವನೆ ಹಳೆಯದು. 1836ರಲ್ಲಿ ಇಂಗ್ಲೆಂಡಿನಲ್ಲಿ ಸ್ಕ್ರೂ ಪ್ರೊಪೆಲ್ಲರಿಗೆ ಪೇಟೆಂಟ್ ಪಡೆದ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಅವರದ್ದು ಎರಡು ಸುತ್ತಿನ ಉದ್ದನೆಯ ಮರದ ಸ್ಕ್ರೂ. ಮರುವರ್ಷ ಕಾಲುವೆಯಲ್ಲಿ ಪರೀಕ್ಷೆ ಮಾಡುವಾಗ ಅದು ಮುರಿದು ಒಂದೇ ಸುತ್ತು ಉಳಿಯಿತಂತೆ. ಬೋಟು ನಿಲ್ಲುವ ಬದಲು ಇನ್ನೂ ಜೋರಾಗಿ ಓಡಿತು. ಅವರು ವಿನ್ಯಾಸವನ್ನೇ ಬದಲಿಸಿದರು.

ಲೋಹದ ವಿಷಯಕ್ಕೆ ಬಂದರೆ, ಅಲ್ಯೂಮಿನಿಯಮ್ಮೋ ಸ್ಟೀಲೋ ಎಂಬ ಚರ್ಚೆ ಇದ್ದದ್ದೇ. ಸ್ಟೇನ್‌ಲೆಸ್ ಸ್ಟೀಲಿನ ಎಲೆಗಳು ತೆಳುವಾಗಿರುತ್ತವೆ, ಒತ್ತಡಕ್ಕೆ ಬಾಗುವುದಿಲ್ಲ, ಹಿಡಿತ ಚೆನ್ನಾಗಿರುತ್ತದೆ. ಬೆಲೆ ಮಾತ್ರ ಮೂರ್ನಾಲ್ಕು ಪಟ್ಟು. ನಾವು ಅಲ್ಯೂಮಿನಿಯಂ ತೆಗೆದುಕೊಂಡೆವು. ಇಲ್ಲಿನ ಸಮುದ್ರ ಆಳವಿಲ್ಲದ್ದು. ಇಡೀ ಕೊಲ್ಲಿಯ ಸರಾಸರಿ ಆಳವೇ ಸುಮಾರು 35 ಮೀಟರ್, ಬಹ್ರೇನಿನ ಸುತ್ತ ಫಶ್ತ್ ಎಂದು ಕರೆಯುವ ಹವಳದ ದಿಬ್ಬಗಳೂ ಮರಳೂ ತುಂಬಿವೆ. ಫ್ಯಾನು ತಾಗಿದರೆ ಅಲ್ಯೂಮಿನಿಯಂ ಎಲೆ ತಾನು ಬಾಗಿ ಏಟು ತಿನ್ನುತ್ತದೆ. ನಡುವೆ ಇರುವ ರಬ್ಬರ್ ಬುಷ್ ಕೂಡ ಜಾರಿ ಗೇರನ್ನು ಉಳಿಸಲೆಂದೇ ಇರುವುದು. ಸ್ಟೀಲ್ ಫ್ಯಾನು ಗಟ್ಟಿ, ಏಟು ಒಳಗಿನ ಗೇರಿಗೆ ದಾಟುವ ಸಂಭವ ಹೆಚ್ಚು. ನಾಲ್ಕು ಎಲೆಯ ಫ್ಯಾನು ಹಾಕಿದರೆ ಏಳುವುದು ಬೇಗ, ನಡುಕ ಕಡಿಮೆ, ಆದರೆ ಮೂರು ಎಲೆಯದಕ್ಕಿಂತ ತುದಿ ವೇಗ ಸ್ವಲ್ಪ ಕಡಿಮೆ.

ನಮ್ಮ ಗಲ್ಫಿಗೇ ಸೇರಿದ ಇನ್ನೊಂದು ಮಾತಿದೆ. ಬಿಸಿಯಾದ, ತೇವದ ಗಾಳಿ ತೆಳು. ಎಂಜಿನ್ನಿಗೆ ಸಿಗುವ ಆಮ್ಲಜನಕ ಕಡಿಮೆ, ಬಲವೂ ಕಡಿಮೆ. ಜನವರಿಯಲ್ಲಿ ಸರಿಯಿದ್ದ ಫ್ಯಾನು ಆಗಸ್ಟ್‌ನಲ್ಲಿ ಭಾರವಾಗಬಹುದು. ಬಿಸಿ ನೀರಿನಲ್ಲಿ ಬೋಟಿನ ತಳಕ್ಕೆ ಚಿಪ್ಪುಹುಳುಗಳೂ ಬೇಗ ಅಂಟುತ್ತವೆ, ಅವೂ ಸುತ್ತು ಇಳಿಸುತ್ತವೆ. ಹಾಗಾಗಿ ಸುತ್ತು ಕಡಿಮೆಯಾಯಿತೆಂದು ಫ್ಯಾನು ಕೊಳ್ಳುವ ಮೊದಲು ತಳ ಉಜ್ಜಿ ನೋಡಿ. ತಿರುವಿನಲ್ಲಿ ಎಂಜಿನ್ ಒಮ್ಮೆಲೇ ಕೂಗಿ ಬೋಟು ಮುಂದೆ ಹೋಗದಿದ್ದರೆ ಫ್ಯಾನು ಮೇಲಿನ ಗಾಳಿಯನ್ನು ಎಳೆದುಕೊಂಡಿದೆ ಎಂದರ್ಥ. ಎಂಜಿನ್ ತೀರ ಮೇಲೆ ಕೂರಿಸಿದ್ದರೂ ಹಾಗಾಗುತ್ತದೆ. ಎಲೆಯ ಮೇಲೆ ಇರುವೆ ಕಡಿದಂತೆ ಗುಳಿ ಕಂಡರೆ ಅದು ಬೇರೆ ರೋಗ. ಎಲೆಯ ಬಳಿ ಒತ್ತಡ ಕುಸಿದು ನೀರೇ ಕುದಿದಂತೆ ಗುಳ್ಳೆಯಾಗಿ, ಆ ಗುಳ್ಳೆಗಳು ಒಡೆಯುವ ಏಟಿಗೆ ಲೋಹ ಸವೆದಿರುತ್ತದೆ.

ಫ್ಯಾನು ಬದಲಿಸುವುದು ಕಷ್ಟವಲ್ಲ. ಕೀ ತೆಗೆಯಿರಿ, ಕಿಲ್ ಸ್ವಿಚ್ಚಿನ ದಾರವನ್ನೂ ಕಿತ್ತಿಡಿ, ಎಲೆ ತಿರುಗದಂತೆ ಒಂದು ಮರದ ತುಂಡು ಕೊಡಿ. ಬಿಚ್ಚಿದಾಗ ಶಾಫ್ಟಿನ ಮೇಲೆ ಗಾಳದ ದಾರ ಸುತ್ತಿದೆಯೇ ನೋಡಿ. ಸಣ್ಣ ದಾರ ಸೀಲನ್ನು ಕತ್ತರಿಸಿ ಗೇರಿನೊಳಗೆ ಉಪ್ಪು ನೀರು ಬಿಡುತ್ತದೆ. ಮರಳಿ ಹಾಕುವಾಗ ಗ್ರೀಸ್ ಹಚ್ಚಿ, ವಾಷರುಗಳನ್ನು ಅದೇ ಕ್ರಮದಲ್ಲಿ ಕೂರಿಸಿ, ಹೊಸ ಪಿನ್ ಹಾಕಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಜರಾದಾದಲ್ಲಿ ಮಕ್ಕಳು ಸೊಂಟದ ನೀರಿನಲ್ಲಿ ಬೋಟಿನ ಹಿಂದೆಯೇ ಆಡುತ್ತಾರೆ, ಏಣಿ ಇರುವುದೂ ಹಿಂದೆಯೇ. ಯಾರಾದರೂ ನೀರಿನಲ್ಲಿದ್ದರೆ ನ್ಯೂಟ್ರಲ್ ಸಾಲದು, ಎಂಜಿನ್ ಆರಿಸಬೇಕು. ಓಡಿಸುವವರ ಕೈಗೋ ಜಾಕೆಟ್ಟಿಗೋ ಕಿಲ್ ಸ್ವಿಚ್ಚಿನ ದಾರ ಕಟ್ಟಿರಲೇಬೇಕು. ಯಾವ ಪಿಚ್ಚಿನ ಫ್ಯಾನೂ ಕಾಲನ್ನು ಗುರುತಿಸುವುದಿಲ್ಲ.

ಹೊಸ ಎಂಜಿನ್ನಿನ ಮಾತು ನಿಂತಿತು, ಮಾರುವ ಮಾತೂ ನಿಂತಿತು. ಹೊಸ ಫ್ಯಾನಿನ ಖರ್ಚು ನಾಲ್ಕು ಪಾಲಾದಾಗ ಒಬ್ಬೊಬ್ಬರಿಗೆ ಬಂದದ್ದು ಒಂದು ಕುಟುಂಬದ ಹೋಟೆಲ್ ಊಟದಷ್ಟು. ಹೆಂಗಸರು ತಕ್ಷಣ ಒಪ್ಪಲಿಲ್ಲ. ಮೊದಲು ಒಂದು ಸಲ ಮಕ್ಕಳಿಲ್ಲದೆ ಬಂದು, ಗಾಳಿಯಿರುವ ದಿನ ದಡದ ಹತ್ತಿರವೇ ಸುತ್ತು ಹೊಡೆದು ನೋಡಿದರು. ಎರಡನೆಯ ಸಲ ಮಕ್ಕಳಿಗೆ ಜಾಕೆಟ್ ಹಾಕಿಸಿ ಕರೆತಂದರು. ಈಗ ಹೊರಡುವ ಮೊದಲು ಗಾಳಿಯ ಮುನ್ಸೂಚನೆ ನೋಡುವವಳು ನನ್ನ ಹೆಂಡತಿಯೇ, ಅವಳು ಬೇಡ ಎಂದರೆ ಬೋಟು ಹೊರಡುವುದಿಲ್ಲ.

ಬೋಟು ಕೊಳ್ಳುವ ಯೋಚನೆ ಇರುವ ಮಿತ್ರರು ಒಂದು ಕೆಲಸ ಮಾಡಿ. ಮಾರುವವರು ಇಬ್ಬರನ್ನು ಕೂರಿಸಿ ಓಡಿಸಿ ತೋರಿಸಿದರೆ ಸಾಲದು. ನಿಮ್ಮ ಮನೆಯವರಷ್ಟು ತೂಕ ತುಂಬಿಸಿ ಥ್ರಾಟಲ್ ಪೂರ್ತಿ ಕೊಡಲು ಹೇಳಿ, ಆರ್‌ಪಿಎಂ ಎಷ್ಟು ಎಂದು ಓದಿ, ಫ್ಯಾನಿನ ಮೇಲಿನ ಎರಡು ಅಂಕಿಯನ್ನೂ ಬರೆದುಕೊಳ್ಳಿ. ಆಮೇಲೆ ಬೆಲೆಯ ಮಾತು.